ಲೈಬೀರಿಯದ 14ನೇ ನಂಬರಿನ ಅಂಗಿ

(ಕ್ರೀಡಾಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಪಾಠ)



ವಿಶ್ವಕಪ್ ಆಡದವನಿಗೆ ಫುಟ್‌ಬಾಲ್ ಲೋಕದಲ್ಲಿ ದೊಡ್ಡ ಆಟಗಾರನೆಂಬ ಪಟ್ಟ ಸುಲಭವಾಗಿ ಸಿಗುವುದಿಲ್ಲ. ಪೆಲೆ, ಮರಡೋನಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವಿಶ್ವಕಪ್ಪೇ. ಈ ಮಾತಿಗೆ ಇರುವ ಕೆಲವೇ ಅಪವಾದಗಳಲ್ಲಿ ಲೈಬೀರಿಯದ ಜಾರ್ಜ್ ವೆಯಾ ಒಬ್ಬರು. 1995ರಲ್ಲಿ ಅವರು ವಿಶ್ವದ ಶ್ರೇಷ್ಠ ಆಟಗಾರರೆನಿಸಿದರು. 2018ರಲ್ಲಿ ದೇಶದ ಅಧ್ಯಕ್ಷರಾದರು. ವಿಶ್ವಕಪ್ಪಿನ ಒಂದು ಪಂದ್ಯವನ್ನೂ ಆಡಲಿಲ್ಲ.

ನೆರೆರಾಜ್ಯಗಳಲ್ಲಿ ಸಿನಿಮಾ ನಟರು ಮುಖ್ಯಮಂತ್ರಿಗಳಾದುದನ್ನು ಕಂಡ ನಮಗೆ ಇದರಲ್ಲೇನು ವಿಶೇಷ ಎನಿಸಬಹುದು. ಆದರೆ ಲೈಬೀರಿಯದ ಜನ ಅವರನ್ನು ಹಚ್ಚಿಕೊಂಡದ್ದು ಕೇವಲ ಗೋಲುಗಳಿಗಾಗಿ ಅಲ್ಲ. ಅದು ತಿಳಿಯಬೇಕಾದರೆ ಆ ದೇಶದ ಕಥೆ ಸ್ವಲ್ಪ ಗೊತ್ತಿರಬೇಕು.

ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು 19ನೇ ಶತಮಾನದಲ್ಲಿ ಪಶ್ಚಿಮ ಆಫ್ರಿಕದ ಕಡಲತೀರಕ್ಕೆ ಬಂದು ನೆಲೆಸಿದರು. 1847ರಲ್ಲಿ ಅದನ್ನು ಸ್ವತಂತ್ರ ಗಣರಾಜ್ಯವೆಂದು ಸಾರಿದರು. ರಾಜಧಾನಿ ಮನ್ರೋವಿಯಕ್ಕೆ ಅಮೆರಿಕದ ಅಧ್ಯಕ್ಷ ಮನ್ರೋ ಅವರ ಹೆಸರು. ವಿಪರ್ಯಾಸವೆಂದರೆ ಸಂಕೋಲೆ ಕಳಚಿ ಬಂದವರ ವಂಶಸ್ಥರೇ ಅಲ್ಲಿನ ಮೂಲ ಬುಡಕಟ್ಟುಗಳ ಮೇಲೆ ನೂರಮೂವತ್ತು ವರ್ಷ ಯಜಮಾನಿಕೆ ನಡೆಸಿದರು. 1980ರಲ್ಲಿ ಸ್ಯಾಮ್ಯುಯೆಲ್ ಡೋ ಎಂಬ ಸೇನೆಯ ಸಾರ್ಜೆಂಟ್ ಈ ಆಳ್ವಿಕೆಯನ್ನು ಉರುಳಿಸಿದ. 1989ರ ಕೊನೆಯಲ್ಲಿ ಚಾರ್ಲ್ಸ್ ಟೇಲರ್‌ನ ಬಂಡುಕೋರರು ಗಡಿ ದಾಟಿ ಬಂದರು. ಅಲ್ಲಿಂದ 2003ರವರೆಗೆ, ನಡುವೆ ಕೊಂಚ ಬಿಡುವು ಬಿಟ್ಟರೆ, ಅಂತರ್ಯುದ್ಧ.

ವೆಯಾ ಮೂಲನಿವಾಸಿಗಳಾದ ಕ್ರು ಸಮುದಾಯದವರು. 1966ರಲ್ಲಿ ಹುಟ್ಟಿ, ಮನ್ರೋವಿಯದ ಕ್ಲಾರಾ ಟೌನ್ ಎಂಬ ಕೊಳೆಗೇರಿಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದರು. ಕೆಲಕಾಲ ದೂರವಾಣಿ ಸಂಸ್ಥೆಯಲ್ಲಿ ತಂತ್ರಜ್ಞನ ಕೆಲಸ. ಸ್ಥಳೀಯ ತಂಡಗಳಲ್ಲಿ ಆಡುತ್ತ ಕ್ಯಾಮರೂನಿನ ಕ್ಲಬ್ಬಿಗೆ ಹೋದರು. ಅಲ್ಲಿದ್ದ ಫ್ರೆಂಚ್ ತರಬೇತುದಾರ ಕ್ಲೋಡ್ ಲೆ ರೋಯ್ ಈ ಹುಡುಗನ ಬಗ್ಗೆ ಮೊನಾಕೊ ತಂಡದ ಆರ್ಸೆನ್ ವೆಂಗರ್‌ಗೆ ಹೇಳಿದರು. 1988ರಲ್ಲಿ ವೆಯಾ ಯುರೋಪು ಸೇರಿದರು. ವೆಂಗರ್ ತಮಗೆ ತಂದೆಯ ಸಮಾನ ಎಂದು ಅವರು ಹಲವು ಬಾರಿ ಹೇಳಿದ್ದಾರೆ.

ಮೊನಾಕೊ ನಂತರ ಪ್ಯಾರಿಸ್, ಅಲ್ಲಿಂದ 1995ರಲ್ಲಿ ಇಟಲಿಯ ಮಿಲಾನ್. ಯುರೋಪಿನ ಶ್ರೇಷ್ಠ ಆಟಗಾರನಿಗೆ ಆಗ ಕೊಡುತ್ತಿದ್ದ ‘ಚಿನ್ನದ ಚೆಂಡು’ ಪ್ರಶಸ್ತಿ ಅದುವರೆಗೆ ಯುರೋಪಿನ ಪ್ರಜೆಗಳಿಗಷ್ಟೇ ಮೀಸಲಾಗಿತ್ತು. ಆ ವರ್ಷ ನಿಯಮ ಸಡಿಲಿಸಿ, ಯುರೋಪಿನ ಕ್ಲಬ್ಬುಗಳಲ್ಲಿ ಆಡುವ ಎಲ್ಲ ದೇಶದವರಿಗೂ ಬಾಗಿಲು ತೆರೆದರು. ತೆರೆದ ವರ್ಷವೇ ಒಳಹೊಕ್ಕವರು ವೆಯಾ. 2025ರವರೆಗೆ ಬೇರಾವ ಆಫ್ರಿಕನ್ನನಿಗೂ ಅದು ದಕ್ಕಿಲ್ಲ.

ಅವರ ಆಟ ಹೇಗಿತ್ತು ಎನ್ನುವವರು 1996ರ ಸೆಪ್ಟೆಂಬರ್ 8ರ ಪಂದ್ಯದ ಚಿತ್ರಣ ನೋಡಬೇಕು. ವೆರೋನಾ ತಂಡ ಕಾರ್ನರ್ ಒದೆಯಿತು. ಚೆಂಡು ಮಿಲಾನ್ ಗೋಲಿನ ಬಳಿಯೇ ವೆಯಾ ಕಾಲಿಗೆ ಸಿಕ್ಕಿತು. ಸ್ಟ್ರೈಕರ್ ಆದವನು ಅಲ್ಲಿಂದ ಚೆಂಡನ್ನು ದೂರ ಒದ್ದು ಉಸಿರು ಬಿಡುತ್ತಾನೆ. ಇವರು ಓಡತೊಡಗಿದರು. ಒಬ್ಬನನ್ನು ದಾಟಿದರು, ನಡುಗೆರೆಯ ಬಳಿ ಮುತ್ತಿದ ಇಬ್ಬರ ನಡುವಿನಿಂದ ಗಿರಕಿ ಹೊಡೆದು ಪಾರಾದರು, ಎದುರಾಳಿ ಗೋಲಿನವರೆಗೂ ಒಬ್ಬರೇ ಹೋಗಿ ಚೆಂಡನ್ನು ಬಲೆಗೆ ಸೇರಿಸಿದರು. ಹತ್ತಾರು ಸಲ ನೋಡಿದರೂ, ಜೊತೆಗಾರನಿಗೆ ಚೆಂಡು ಕೊಡುವ ಯೋಚನೆಯೇ ಈ ಮನುಷ್ಯನಿಗೆ ಬರಲಿಲ್ಲವೇ ಎಂದು ನನಗೆ ಸೋಜಿಗವಾಗುತ್ತದೆ.

ಅತ್ತ ಊರು ಉರಿಯುತ್ತಿತ್ತು. ಲೈಬೀರಿಯದಲ್ಲಿ ವಿಶ್ವಸಂಸ್ಥೆ ಮಧ್ಯೆ ಪ್ರವೇಶಿಸಬೇಕೆಂದು ಅದೇ 1996ರಲ್ಲಿ ವೆಯಾ ಅಮೆರಿಕದ ಪತ್ರಿಕೆಯೊಂದಕ್ಕೆ ಹೇಳಿದ್ದರು. ಅದಾದ ಕೆಲವೇ ದಿನಗಳಲ್ಲಿ ಮನ್ರೋವಿಯದ ಅವರ ಮನೆಗೆ ಬೆಂಕಿ ಬಿತ್ತು, ಬಂಧುಗಳ ಮೇಲೆ ಹಲ್ಲೆಯಾಯಿತು. ಸರ್ಕಾರವೇ ಇಲ್ಲದ ದೇಶದಲ್ಲಿ ಫುಟ್‌ಬಾಲ್ ತಂಡಕ್ಕೆ ದುಡ್ಡು ಎಲ್ಲಿಂದ ಬರಬೇಕು? ‘ಲೋನ್ ಸ್ಟಾರ್’ ಎಂದು ಕರೆಯುವ ರಾಷ್ಟ್ರೀಯ ತಂಡದ ವಿಮಾನ ಪ್ರಯಾಣ, ಅಂಗಿ, ಬೂಟುಗಳಿಗೆ ವೆಯಾ ಮಿಲಾನಿನಲ್ಲಿ ದುಡಿದ ಹಣ ಸುರಿದರು. ಪರಸ್ಪರ ಗುಂಡು ಹಾರಿಸುತ್ತಿದ್ದ ಬುಡಕಟ್ಟುಗಳ ಹುಡುಗರು ಒಂದೇ ಬಣ್ಣದ ಅಂಗಿ ತೊಟ್ಟು ಆಡುತ್ತಿದ್ದ ತಾಣ ಅದೊಂದೇ ಆಗಿತ್ತು ಎಂದರೆ ತಪ್ಪಾಗಲಾರದು. 1996ರ ಆಫ್ರಿಕನ್ ಕಪ್‌ಗೆ ತಂಡ ಮೊದಲ ಬಾರಿಗೆ ಅರ್ಹತೆ ಪಡೆಯಿತು. 2002ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ನೈಜೀರಿಯಕ್ಕೆ 16 ಅಂಕ, ಲೈಬೀರಿಯಕ್ಕೆ 15. ಆ ಒಂದು ಅಂಕದಲ್ಲಿ ವಿಶ್ವಕಪ್ ಕೈತಪ್ಪಿತು.

2003ರಲ್ಲಿ ಆಟಕ್ಕೆ ವಿದಾಯ. 2005ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ವೆಯಾ ಮುಂದಿದ್ದರು. ಎದುರಾಳಿ ಹಾರ್ವರ್ಡ್‌ನಲ್ಲಿ ಓದಿದ ಅರ್ಥಶಾಸ್ತ್ರಜ್ಞೆ ಎಲೆನ್ ಜಾನ್ಸನ್ ಸರ್ಲೀಫ್. ಶಾಲೆ ಮುಗಿಸದವನಿಗೆ ರಾಜ್ಯಭಾರವೇ ಎಂಬ ಮೂದಲಿಕೆ ಎದ್ದಿತು. ದೇಶ ಹಾಳು ಮಾಡಿದವರು ಓದಿದವರೇ ತಾನೆ ಎಂದು ಅವರ ಬೆಂಬಲಿಗರು ತಿರುಗಿ ಕೇಳಿದರು. ಎರಡನೇ ಸುತ್ತಿನಲ್ಲಿ ವೆಯಾ ಸೋತರು. ಆಮೇಲೆ ಅಮೆರಿಕದಲ್ಲಿ ಓದಿ ಪದವಿ ಪಡೆದರು, 2014ರಲ್ಲಿ ಸೆನೆಟ್‌ಗೆ ಗೆದ್ದರು, 2017ರಲ್ಲಿ ಜೋಸೆಫ್ ಬೋಕಾಯ್ ಅವರನ್ನು ಶೇ 60ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಯುದ್ಧದಲ್ಲಿ ಮನೆ ಕಳೆದುಕೊಂಡ ಈ ಮನುಷ್ಯನ ಉಪಾಧ್ಯಕ್ಷೆ ಯಾರು ಗೊತ್ತೇ? ಚಾರ್ಲ್ಸ್ ಟೇಲರ್‌ನ ವಿಚ್ಛೇದಿತ ಪತ್ನಿ! ರಾಜಕೀಯದ ಲೆಕ್ಕಾಚಾರ ಅಂಥದ್ದು.

ಅಧ್ಯಕ್ಷರಾದ ವರ್ಷ, 51ರ ವಯಸ್ಸಿನಲ್ಲಿ, ನೈಜೀರಿಯದ ವಿರುದ್ಧ ಸ್ನೇಹಪಂದ್ಯ ಆಡಿದರು. ಅವರ 14ನೇ ನಂಬರಿನ ಅಂಗಿಯನ್ನು ಆ ಪಂದ್ಯದೊಂದಿಗೆ ನಿವೃತ್ತಿಗೊಳಿಸಲಾಯಿತು. ಮೈದಾನದ ಚಪ್ಪಾಳೆ ಅಂಗಡಿಬೀದಿಗೆ ತಲುಪಲಿಲ್ಲ. ಬೆಲೆಯೇರಿಕೆ, ಭ್ರಷ್ಟಾಚಾರದ ವಿರುದ್ಧ 2019ರ ಜೂನ್‌ನಲ್ಲಿ ಸಾವಿರಾರು ಜನ ಬೀದಿಗಿಳಿದರು. ಯುದ್ಧಾಪರಾಧಗಳ ವಿಚಾರಣೆಗೆ ನ್ಯಾಯಾಲಯ ಬೇಕೆಂಬ ಬೇಡಿಕೆ ಅವರ ಕಾಲದಲ್ಲಿ ಈಡೇರಲೇ ಇಲ್ಲ. ನನ್ನ ಮಟ್ಟಿಗೆ ಇದು ಅವರ ಆಳ್ವಿಕೆಯ ದೊಡ್ಡ ಲೋಪ.

2022ರ ನವೆಂಬರ್‌ನಲ್ಲಿ ಕತಾರ್ ವಿಶ್ವಕಪ್ ಪಂದ್ಯದಲ್ಲಿ ವೇಲ್ಸ್ ವಿರುದ್ಧ ಅಮೆರಿಕದ ಪರ ಗೋಲು ಬಾರಿಸಿದವನು ವೆಯಾ ಅವರ ಮಗ ತಿಮೋತಿ. ಯಾವ ದೇಶದಿಂದ ಬಿಡುಗಡೆಯಾಗಿ ಬಂದವರು ಲೈಬೀರಿಯ ಕಟ್ಟಿದರೋ, ಆ ದೇಶದ ಅಂಗಿ ಅವನ ಮೈಮೇಲಿತ್ತು. ಅಪ್ಪ ಗ್ಯಾಲರಿಯಲ್ಲಿದ್ದರು. ಊರಿನಲ್ಲಿ ಮಾತ್ರ, ಅಧ್ಯಕ್ಷರು ಇಷ್ಟು ದಿನ ಹೊರಗಿರಬಹುದೇ ಎಂಬ ತಕರಾರು.

2023ರ ಚುನಾವಣೆಯಲ್ಲಿ ಮತ್ತೆ ಬೋಕಾಯ್ ಎದುರಾದರು. ಈ ಸಲ ವೆಯಾ ಸುಮಾರು ಇಪ್ಪತ್ತು ಸಾವಿರ ಮತಗಳಿಂದ ಹಿಂದೆ ಬಿದ್ದರು. ಅಂಥ ದೇಶದಲ್ಲಿ ಗಲಭೆ ಎಬ್ಬಿಸಲು ಅಷ್ಟು ಅಂತರ ಧಾರಾಳವಾಯಿತು. ನವೆಂಬರ್ 17ರಂದು, ಎಣಿಕೆ ಇನ್ನೂ ಮುಗಿಯದಿರುವಾಗಲೇ, ಅವರು ಬೋಕಾಯ್ ಅವರಿಗೆ ದೂರವಾಣಿ ಮಾಡಿ ಅಭಿನಂದಿಸಿದರು. ಬಳಿಕ ರೇಡಿಯೊದಲ್ಲಿ ಸೋಲನ್ನು ಒಪ್ಪಿಕೊಂಡರು. 2024ರ ಜನವರಿ 22ರಂದು ಬೋಕಾಯ್ ಅಧಿಕಾರ ವಹಿಸಿಕೊಂಡರು.