ಕಿವಿಗೆ ಸಿಗದ ಪತ್ತೇದಾರ



ಈ ಊರಿನಲ್ಲಿ ನಿಂತು ಕತೆಯ ಬಗ್ಗೆ ಮಾತನಾಡಲು ಯಾರಿಗೇ ಆಗಲಿ ಸ್ವಲ್ಪ ಅಳುಕಾಗುತ್ತದೆ. 'ಹಳ್ಳಿಯ ಚಿತ್ರಗಳು' ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ (1904–1991) ಊರು ಇದು. ಅವರ ಪುಸ್ತಕ ಹಿಡಿದರೆ ಅಕ್ಷರ ಓದಿದ ಹಾಗಿರುವುದಿಲ್ಲ. ಯಾರೋ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಾ ಹೇಳಿದ್ದನ್ನು ಕೇಳಿದ ಹಾಗಿರುತ್ತದೆ. ಇಂದಿನ ವಿಷಯವೂ ಕೇಳುವುದಕ್ಕೆ ಸಂಬಂಧಿಸಿದ್ದೇ. ಮೊಬೈಲ್ ಫೋನಿನಲ್ಲಿ ಬರುವ ಆಡಿಯೊ ಪುಸ್ತಕಗಳು, ಅದರಲ್ಲೂ ಪತ್ತೇದಾರಿ ಮತ್ತು ರೋಚಕ ಕಾದಂಬರಿಗಳು, ಕೇಳುಗನನ್ನು ಏಕೆ ನಿರಾಸೆಗೊಳಿಸುತ್ತವೆ ಎಂಬುದು ಪ್ರಶ್ನೆ.

ಒಬ್ಬ ಕೇಳುಗರನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಮೇಷ್ಟ್ರು ಎಂದರೆ ಸಾಕು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿ ಹತ್ತು ಹದಿನೈದು ವರ್ಷವಾಗಿದೆ. ಹರೆಯದಲ್ಲಿ ಬಾಡಿಗೆ ಗ್ರಂಥಾಲಯದಿಂದ ಪತ್ತೇದಾರಿ ಕಾದಂಬರಿ ತಂದು ಒಂದೇ ರಾತ್ರಿಯಲ್ಲಿ ಮುಗಿಸಿದವರು. ಈಗ ಕಣ್ಣು ಮಂದವಾಗಿದೆ. ಪತ್ರಿಕೆಯ ತಲೆಬರಹ ಕಾಣುತ್ತದೆ, ಕೆಳಗಿನ ಸಾಲು ಕಾಣುವುದಿಲ್ಲ. ಬೆಂಗಳೂರಿನಲ್ಲಿರುವ ಮೊಮ್ಮಗ ಹಬ್ಬಕ್ಕೆ ಬಂದಾಗ ಫೋನಿನಲ್ಲಿ ನಾಲ್ಕಾರು ಕಾದಂಬರಿ ತುಂಬಿಕೊಟ್ಟು, "ತಾತ, ಇನ್ನು ಓದೋದೇ ಬೇಡ, ಇದೇ ಓದಿ ಹೇಳುತ್ತೆ" ಎಂದು ಹೇಳಿ ಹೋದ. ಕಣ್ಣು ಕೈಕೊಟ್ಟ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವುದಿದ್ದೀತು?

ಒಂದು ತಿಂಗಳಿನ ಬಳಿಕ ಆ ಫೋನು ಗೂಡಿನಲ್ಲಿ ಕೂತಿದೆ. ಮೇಷ್ಟ್ರು ಬೇಸರಗೊಂಡಿದ್ದಾರೆ. "ಕತೆ ಚೆನ್ನಾಗಿಲ್ಲವೇ ತಾತ?" ಎಂದು ಮೊಮ್ಮಗ ಕೇಳಿದರೆ, "ಚೆನ್ನಾಗಿದೆಯೋ ಇಲ್ಲವೋ ಗೊತ್ತಾದರೆ ತಾನೇ ಹೇಳೋದು" ಎನ್ನುತ್ತಾರೆ.

ಅವರ ದೂರುಗಳನ್ನು ಒಂದೊಂದಾಗಿ ನೋಡಬೇಕು. ಮೊದಲ ಕಾದಂಬರಿಯಲ್ಲಿ ಒಂದು ಕೊಲೆ, ಏಳು ಜನ ಶಂಕಿತರು. ಅವರಲ್ಲಿ ಒಬ್ಬ ರಾಜೇಶ, ಒಬ್ಬ ರಾಕೇಶ, ಇನ್ನೊಬ್ಬ ರಮೇಶ. ಕಾಗದದ ಮೇಲೆ ಈ ಮೂರೂ ಬೇರೆ ಬೇರೆ. ಕಿವಿಗೆ ಮೂವರೂ ಒಬ್ಬನೇ. ಪುಸ್ತಕವಾದರೆ ಬೆರಳಿಟ್ಟು ಹತ್ತು ಪುಟ ಹಿಂದಕ್ಕೆ ಹೋಗಿ, ಆ ರಾತ್ರಿ ಎಂಟು ಗಂಟೆಗೆ ಯಾರು ಎಲ್ಲಿದ್ದರು ಎಂದು ನೋಡಬಹುದಿತ್ತು. ಫೋನಿನಲ್ಲಿ ಹಿಂದಕ್ಕೆ ಹೋಗಲು ಹೊರಟ ಮೇಷ್ಟ್ರು ಮೂರು ಅಧ್ಯಾಯ ಮುಂದಕ್ಕೆ ಹೋಗಿ ಕೊಲೆಗಾರನ ತಪ್ಪೊಪ್ಪಿಗೆಯ ಮಧ್ಯೆ ಬಿದ್ದರು.

ಎರಡನೆಯದರಲ್ಲಿ ಓದುವವರ ದನಿಯೇ ಗುಟ್ಟು ಒಡೆಯಿತು. ಉಳಿದವರೆಲ್ಲ ಸಹಜವಾಗಿ ಮಾತನಾಡುತ್ತಿದ್ದರೆ ಒಬ್ಬ ಪಾತ್ರ ಮಾತ್ರ ಪ್ರವೇಶದ ಮೊದಲ ಮಾತಿನಿಂದಲೇ ಗಂಟಲು ಒರಟು ಮಾಡಿಕೊಂಡು ಮಾತನಾಡಿತು, ಹಿಂದೆ ಡಮ್ ಎಂದು ವಾದ್ಯ ಬೇರೆ. ಲೇಖಕ ಇನ್ನೂರು ಪುಟ ಬಚ್ಚಿಟ್ಟದ್ದನ್ನು ಓದುಗಾರ ಎರಡೇ ನಿಮಿಷದಲ್ಲಿ ಬಯಲು ಮಾಡಿದಂತಾಯಿತು. ಮೂರನೆಯದರಲ್ಲಿ ಪ್ರತಿ ಅಧ್ಯಾಯದ ಕೊನೆಗೂ ಬಾಗಿಲು ಬಡಿದ ಸದ್ದು, ಮುಂದಿನ ಅಧ್ಯಾಯದ ಆರಂಭದಲ್ಲಿ ಅದು ಬೆಕ್ಕೋ, ಗಾಳಿಯೋ, ಹಾಲಿನವನೋ. ಐದನೆಯ ಬಾರಿ ಬಾಗಿಲು ಬಡಿದಾಗ ಮೇಷ್ಟ್ರು ಎದ್ದು ಹೋಗಿ ಕಾಫಿ ಕುಡಿದು ಬಂದರು.

ಇವು ಒಬ್ಬ ಮುದುಕರ ಸಿಡುಕು ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ದೂರುಗಳ ಹಿಂದೆ ಸಾಹಿತ್ಯ ಚರಿತ್ರೆಯ ಒಂದು ತೊಡಕಿದೆ.

ಪತ್ತೇದಾರಿ ಕತೆ ಅಚ್ಚಿನ ಯಂತ್ರದ ಮಗು. ಅಮೆರಿಕದ ಎಡ್ಗರ್ ಅಲನ್ ಪೋ ತನ್ನ ಪತ್ತೇದಾರ ದ್ಯುಪೇನನ್ನು ಮೊದಲ ಬಾರಿಗೆ ತಂದದ್ದು 1841ರಲ್ಲಿ, ಒಂದು ಮಾಸಪತ್ರಿಕೆಯ ಪುಟದಲ್ಲಿ. ಷರ್ಲಾಕ್ ಹೋಮ್ಸ್ ಮನೆಮಾತಾದದ್ದೂ ಪತ್ರಿಕೆಯಿಂದಲೇ. ಕಾನನ್ ಡಾಯ್ಲ್‌ನ ಬಾಸ್ಕರ್‌ವಿಲ್ ಬೇಟೆನಾಯಿಯ ಕತೆ 1901ರ ಆಗಸ್ಟಿನಿಂದ 1902ರ ಏಪ್ರಿಲ್‌ವರೆಗೆ ಒಂಬತ್ತು ಕಂತುಗಳಲ್ಲಿ ಬಂತು. ಕಂತಿಗೂ ಕಂತಿಗೂ ನಡುವೆ ಒಂದು ತಿಂಗಳು. ಓದುಗನನ್ನು ತಿಂಗಳ ಕಾಲ ಹಿಡಿದಿಡಬೇಕಾದರೆ ಕೊನೆಯ ಸಾಲಿನಲ್ಲಿ ಒಂದು ಕೊಕ್ಕೆ ಬೇಕೇ ಬೇಕು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಿಗೂ ಇದೇ ನಿಯಮ. ಬಾಗಿಲು ಬಡಿದ ಸದ್ದಿಗೆ ಅಲ್ಲಿ ಅರ್ಥವಿತ್ತು. ವಾರಕ್ಕೊಮ್ಮೆ ಬಡಿದರೆ ಎದೆ ಝಲ್ಲೆನ್ನುತ್ತದೆ, ಕಾಲು ಗಂಟೆಗೊಮ್ಮೆ ಬಡಿದರೆ ತಲೆನೋವು.

ಕನ್ನಡದಲ್ಲಿ ಈ ಬಗೆಯ ಓದಿನ ರುಚಿ ಹತ್ತಿಸಿದವರಲ್ಲಿ ಎನ್. ನರಸಿಂಹಯ್ಯನವರ ಹೆಸರು ದೊಡ್ಡದು. ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. 1950ರ ದಶಕದಿಂದ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಒಂದು ತಲೆಮಾರಿನ ಹುಡುಗರಿಗೆ ಮನೆಯವನೇ ಆಗಿಬಿಟ್ಟಿದ್ದ. ವಿಮರ್ಶಕರು ಈ ಪುಸ್ತಕಗಳತ್ತ ಹೆಚ್ಚು ಗಮನ ಕೊಡಲಿಲ್ಲ. ಆದರೆ ಅಕ್ಷರ ಕೂಡಿಸಿ ಓದಲು ಕಲಿತವನನ್ನು ನಿರರ್ಗಳ ಓದುಗನನ್ನಾಗಿ ಮಾಡಿದ್ದು ಇಂಥ ಪುಸ್ತಕಗಳೇ. ಓದುಗ ಸರಸರನೆ ಕಣ್ಣಾಡಿಸುತ್ತಾನೆ, ವರ್ಣನೆ ಹಾರಿಸುತ್ತಾನೆ, ಅನುಮಾನ ಬಂದರೆ ಹಿಂದಿರುಗುತ್ತಾನೆ ಎಂದು ನಂಬಿಯೇ ಅವನ್ನು ಬರೆಯಲಾಗಿತ್ತು.

ಕಿವಿಗೆ ಈ ಸ್ವಾತಂತ್ರ್ಯವಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಐವತ್ತು ಸಾವಿರ ಪದಗಳ ಕಾದಂಬರಿಯನ್ನು ನಿಮಿಷಕ್ಕೆ ನೂರು ಪದದಂತೆ ಓದಿದರೆ 500 ನಿಮಿಷ, ಅಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ನುರಿತ ಕಣ್ಣು ಇದಕ್ಕಿಂತ ಬಹಳ ಬೇಗ ಮುಗಿಸುತ್ತದೆ. ಮೇಷ್ಟ್ರು ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದ ಕತೆ ಈಗ ವಾರವೆಲ್ಲ ನಡೆಯುತ್ತದೆ. ನಿಧಾನವಾದಾಗ ಹೆಣಿಗೆಯ ಸಡಿಲು ಕಾಣುತ್ತದೆ. ಓಡುವ ಬಸ್ಸಿನಿಂದ ನೋಡಿದಾಗ ಚೆಂದ ಕಂಡ ಊರಿನಲ್ಲಿ ಇಳಿದು ನಡೆದಾಗ ಚರಂಡಿಯೂ ಕಾಣುವುದಿಲ್ಲವೇ, ಹಾಗೆ.

ಹಾಗಾದರೆ ನಿಗೂಢ ಕತೆ ಕಿವಿಗೆ ಒಗ್ಗುವುದೇ ಇಲ್ಲವೇ? ಹಾಗೆ ಹೇಳುವಂತಿಲ್ಲ. ಬ್ರಿಟನ್ನಿನಲ್ಲಿ ಅಂಧರಿಗಾಗಿ 'ಮಾತನಾಡುವ ಪುಸ್ತಕ'ಗಳು ಆರಂಭವಾದದ್ದು 1935ರಲ್ಲಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಈ ಯೋಜನೆಯ ಹಿಂದಿನ ಪ್ರೇರಣೆ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷ ಹಿಡಿಯುತ್ತಿತ್ತು. ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆಗಳು ಬೇಕಾಗುತ್ತಿದ್ದವು. ಆಗ ಮೊದಲು ಬಂದ ಪುಸ್ತಕಗಳಲ್ಲಿ ಒಂದು ಅಗಾಥಾ ಕ್ರಿಸ್ಟಿಯ 'ರೋಜರ್ ಆಕ್ರಾಯ್ಡ್ ಕೊಲೆ'. 1926ರಲ್ಲಿ ಅಚ್ಚಾದ ಆ ಪತ್ತೇದಾರಿ ಕಾದಂಬರಿಯ ಗುಟ್ಟನ್ನು ಇಲ್ಲಿ ಬಿಟ್ಟುಕೊಡುವುದು ನ್ಯಾಯವಲ್ಲ. ಹೇಳಬೇಕಾದುದು ಇಷ್ಟೇ: ಕಣ್ಣಿಲ್ಲದವರಿಗೆ ಮೊದಲು ಕೊಡಬೇಕಾದ ಪುಸ್ತಕಗಳಲ್ಲಿ ಪತ್ತೇದಾರಿ ಕತೆಯೂ ಒಂದು ಎಂದು ಆ ಜನ ತೀರ್ಮಾನಿಸಿದ್ದರು. ಮನುಷ್ಯನಿಗೆ ಉಪದೇಶದಷ್ಟೇ ಕುತೂಹಲವೂ ಅಗತ್ಯವೆಂದು ಅವರಿಗೆ ತಿಳಿದಿತ್ತು. ಅದೇ 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಖಾಸಗಿ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು.

ಕಿವಿಯ ಕತೆಗೆ ನಮ್ಮಲ್ಲಿ ಇನ್ನೂ ಹಳೆಯ ಪಾಠಶಾಲೆಯೊಂದಿದೆ. ಅದು ಗಮಕ. ಒಬ್ಬರು ಕಾವ್ಯ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ತಾಳದ ಕಟ್ಟಿಲ್ಲ, ರಾಗ ಭಾವವನ್ನು ಹಿಂಬಾಲಿಸುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮಳೆ ಕೈಕೊಟ್ಟ ವರ್ಷ ಊರವರೆಲ್ಲ ಸೇರಿ ಕುಮಾರವ್ಯಾಸನ ವಿರಾಟಪರ್ವ ಓದಿಸುವ ವಾಡಿಕೆ ನಮ್ಮ ಕಡೆಯ ಹಿರಿಯರಿಗೆ ಹೊಸದಲ್ಲ.

ಆ ವಿರಾಟಪರ್ವವನ್ನೇ ನೋಡಿ. ಅದು ಪೂರಾ ವೇಷ ಮರೆಸಿಕೊಂಡವರ ಕತೆ. ಧರ್ಮರಾಯ ಕಂಕ, ಭೀಮ ವಲಲ, ಅರ್ಜುನ ಬೃಹನ್ನಳೆ, ದ್ರೌಪದಿ ಸೈರಂಧ್ರಿ. ಒಂದು ವರ್ಷದೊಳಗೆ ಗುರುತು ಸಿಕ್ಕಿದರೆ ಮತ್ತೆ ವನವಾಸ. ಇದಕ್ಕಿಂತ ರೋಚಕವಾದ ಕಥಾವಸ್ತು ಉಂಟೇ? ಆದರೆ ಕೇಳುವವರಿಂದ ಬಚ್ಚಿಟ್ಟದ್ದು ಏನೂ ಇಲ್ಲ. ನಾಟ್ಯಶಾಲೆಯ ಕತ್ತಲಲ್ಲಿ ಕಾದಿರುವವನು ಭೀಮ ಎಂದು ಪಡಸಾಲೆಯಲ್ಲಿ ಕೂತ ಮಗುವಿಗೂ ಗೊತ್ತು. ಗೊತ್ತಿಲ್ಲದವನು ಕೀಚಕ ಒಬ್ಬನೇ. ಅವನು ಅಲಂಕಾರ ಮಾಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬರುವಾಗ ಕೇಳುವವರ ಉಸಿರು ಬಿಗಿಯುತ್ತದೆ. ನೂರನೆಯ ಬಾರಿ ಕೇಳಿದರೂ ಬಿಗಿಯುತ್ತದೆ.

ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದೇ ಮಾತನ್ನು ಬೇರೆ ಬಗೆಯಲ್ಲಿ ಹೇಳಿದ. ಫ್ರೆಂಚ್ ನಿರ್ದೇಶಕ ತ್ರುಫೋ ಅವನೊಂದಿಗೆ ನಡೆಸಿದ ಸಂಭಾಷಣೆ 1966ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಹಿಚ್‌ಕಾಕ್ ಕೊಡುವ ಉದಾಹರಣೆ ಇದು: ಮೇಜಿನ ಕೆಳಗೆ ಬಾಂಬು ಇದೆ, ಪ್ರೇಕ್ಷಕರಿಗೆ ಗೊತ್ತಿಲ್ಲ. ಸಿಡಿದಾಗ ಹದಿನೈದು ಸೆಕೆಂಡು ಬೆಚ್ಚುತ್ತಾರೆ. ಬಾಂಬು ಇರುವುದು ಪ್ರೇಕ್ಷಕರಿಗೆ ಗೊತ್ತಿದ್ದು ಮೇಜಿನ ಬಳಿ ಕೂತವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷ ತಳಮಳಿಸುತ್ತಾರೆ. ಮೊದಲನೆಯದು ಅಚ್ಚರಿ, ಎರಡನೆಯದು ಕಾತರ. ಕೀಚಕನ ಮೇಜಿನ ಕೆಳಗಿನ ಬಾಂಬು ಭೀಮಸೇನ.

ಇಲ್ಲಿ ಮೇಷ್ಟ್ರ ನಿರಾಸೆಗೆ ಕಾರಣ ಸಿಗುತ್ತದೆ. ಬರೀ ಅಚ್ಚರಿಯನ್ನು ನಂಬಿದ ಕತೆಗೆ ಸುಳಿವುಗಳ ಲೆಕ್ಕ ಬೇಕು, ಲೆಕ್ಕಕ್ಕೆ ಪುಟ ಬೇಕು. ಕಾತರವನ್ನು ನಂಬಿದ ಕತೆಗೆ ಒಂದು ಒಳ್ಳೆಯ ದನಿ ಸಾಕು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ ಸಂಶೋಧಕರೊಬ್ಬರ ಸಾವಿನ ತನಿಖೆ ಇದೆ, ಪತ್ತೇದಾರನೂ ಇದ್ದಾನೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕಾದಂಬರಿಯನ್ನು ಗಟ್ಟಿಯಾಗಿ ಓದಿದರೂ ರುಚಿ ಕೆಡುವುದಿಲ್ಲ. ಏಕೆಂದರೆ ಕೊಲೆಗಾರ ಯಾರು ಎಂಬುದಕ್ಕಿಂತ ಕೆಸರೂರು ಎಂಬ ಊರಿಗೆ ಏನಾಗುತ್ತಿದೆ ಎಂಬ ಆತಂಕ ಅಲ್ಲಿ ದೊಡ್ಡದು. 'ಜುಗಾರಿ ಕ್ರಾಸ್' (1994) ಕೂಡ ಅಂಥದ್ದೇ. ಗೊರೂರರ ಕತೆಯಿಂದ 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಎಂಬ ಸಿನಿಮಾ ಬಂತು. ಅದರಲ್ಲಿ ಗುಟ್ಟೇ ಇಲ್ಲ. ಎರಡು ಮನೆಗಳ ಹಗೆ ಎಲ್ಲಿಗೆ ಮುಟ್ಟುತ್ತದೋ ಎಂಬ ಭಯವೊಂದೇ ಜನರನ್ನು ಕೂರಿಸಿತು.

ಹಾಗೆಂದು ಸುಳಿವಿನ ಕತೆಗಳನ್ನು ಕಿವಿಯಿಂದ ಹೊರಹಾಕಬೇಕಿಲ್ಲ. ಅವುಗಳನ್ನು ಕಿವಿಗೆ ಹದಗೊಳಿಸಬೇಕು. ಓದುವವರು ಮೊದಲು ಪುಸ್ತಕವನ್ನು ಕೊನೆಯವರೆಗೆ ಓದಿರಬೇಕು. ಕಳ್ಳನಿಗೂ ಸಾಧುವಿಗೂ ಒಂದೇ ಸಮಾಧಾನದ ದನಿ ಕೊಡಬೇಕು. ಪಾತ್ರಗಳ ಪರಿಚಯವನ್ನು ಆರಂಭದಲ್ಲಿ ಒಂದು ನಿಮಿಷ ಹೇಳಿದರೆ ನಷ್ಟವಿಲ್ಲ. ನಾಟಕದಲ್ಲಿ ಸೂತ್ರಧಾರ ಮಾಡುವುದು ಅದನ್ನೇ. ಮುಖ್ಯವಾದ ಸುಳಿವು ಎರಡು ಕಡೆ ಬರಬೇಕು. ಹಿಂದಿನ ದಿನದ ಕತೆಯನ್ನು ನೆನಪಿಸಿ ಮುಂದುವರಿಯುವ ಪದ್ಧತಿ ಹರಿಕತೆ ದಾಸರಿಗೂ ಗಮಕದ ವ್ಯಾಖ್ಯಾನಕಾರರಿಗೂ ಗೊತ್ತಿತ್ತು. ಈಗ ಯಂತ್ರವೇ ಓದುವ ದನಿಗಳೂ ಬಂದಿವೆ. ಅವು ಅಕ್ಷರ ತಪ್ಪದೆ ಓದಬಲ್ಲವು. ಆದರೆ ಕೀಚಕ ಬಾಗಿಲ ಬಳಿ ಬಂದಾಗ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಎದುರಿಗೆ ಕೂತವರ ಮುಖ ನೋಡಿಯೇ ಕಲಿಯಬೇಕು.

ಇದು ಮನರಂಜನೆಯ ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಕಣ್ಣಿರುವವನಿಗೆ ಒಂದು ಆಡಿಯೊ ಪುಸ್ತಕ ಕೆಟ್ಟರೆ ಇನ್ನೊಂದು ದಾರಿಯಿದೆ, ಅಚ್ಚಿನ ಪುಸ್ತಕ ಕೊಳ್ಳುತ್ತಾನೆ. ಮೇಷ್ಟ್ರಂಥವರಿಗೆ ಅದೊಂದೇ ಪುಸ್ತಕ. ಅದು ಕೆಟ್ಟರೆ ಓದು ಎಂಬುದೇ ಬದುಕಿನಿಂದ ಹೊರಟುಹೋಗುತ್ತದೆ. ಅರವತ್ತು ವರ್ಷ ಜೊತೆಗಿದ್ದ ಹವ್ಯಾಸ ಗೂಡಿನಲ್ಲಿ ಧೂಳು ತಿನ್ನುತ್ತದೆ. ಹೊಸ ಕಾದಂಬರಿ ಯಾವುದು ಬಂತು ಎಂದು ಕೇಳುವುದನ್ನೂ ಅವರು ನಿಲ್ಲಿಸಿಬಿಡುತ್ತಾರೆ.

ಆದ್ದರಿಂದ ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯಲ್ಲಿ ಕಣ್ಣು ಮಂದವಾದ ಅಜ್ಜನೋ ಅಜ್ಜಿಯೋ ಇದ್ದರೆ ಬರುವ ಭಾನುವಾರ ಒಂದು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಿ. ಪತ್ತೇದಾರಿಯೇ ಆಗಲಿ, ಅಡ್ಡಿಯಿಲ್ಲ. ಎಲ್ಲಿ ಅವರು "ತಡಿ, ಆ ರಾಕೇಶ ಯಾರು?" ಎಂದು ಕೇಳುತ್ತಾರೋ ಅಲ್ಲಿ ನಿಲ್ಲಿಸಿ, ಹಿಂದಿನ ಪುಟ ತಿರುವಿ ಹೇಳಿ. ಎಲ್ಲಿ ಸುಮ್ಮನಾಗಿ ಮುಂದಕ್ಕೆ ಬಾಗುತ್ತಾರೋ ಆ ಜಾಗವನ್ನು ಗುರುತು ಮಾಡಿಕೊಳ್ಳಿ. ನಾಳೆ ನಿಮ್ಮಲ್ಲೇ ಯಾರಾದರೂ ಮೈಕಿನ ಮುಂದೆ ಕೂತು ಪುಸ್ತಕ ಓದುವ ಕೆಲಸಕ್ಕೆ ಹೋದರೆ ಆ ಗುರುತು ಉಪಯೋಗಕ್ಕೆ ಬರುತ್ತದೆ.