ಹಳಿಯನ್ನು ಪ್ರಶ್ನಿಸುವ ಬಗೆ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ, ದನಿಯಿಂದಲೇ ಬಿರುಕನ್ನು ಅರಿಯುತ್ತಾಳೆ. ಉಕ್ಕಿನೊಳಗೆ ಅಡಗಿದ ಬಿರುಕನ್ನು ಅರಿಯುವ ಮಾರ್ಗವೂ ಇದೇ. ಆದರೆ ಅಲ್ಲಿ ತಟ್ಟುವುದು ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯಿಂದ. ಇಂಥ ಧ್ವನಿಯನ್ನು ಲೋಹದೊಳಕ್ಕೆ ಕಳುಹಿಸಿ ಪ್ರತಿಧ್ವನಿಯನ್ನು ಗುರುತಿಸುವ ಉಪಕರಣಕ್ಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಫ್ಲಾಯ್ಡ್ ಫೈರ್‌ಸ್ಟೋನರು 1940ರಲ್ಲಿ ಪೇಟೆಂಟು ಕೋರಿದರು. ಧ್ವನಿಯನ್ನು ಕಳುಹಿಸಿ, ಮರಳಿದುದನ್ನು ಗ್ರಹಿಸುವ ಅಂಗಕ್ಕೆ ಪ್ರೋಬ್ ಎಂದು ಹೆಸರು.

ನಮ್ಮ ಕಾಸರಗೋಡಿನಿಂದ ಮಂಗಳೂರಿಗೆ ಸಾಗುವ ರೈಲುಹಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಹಳಿಯ ಮೇಲೆ ನೇರವಾಗಿ ಇರಿಸಿದ ಪ್ರೋಬಿನ ಧ್ವನಿ ಕೆಳಗಿಳಿದು ತಳವನ್ನು ಮುಟ್ಟಿ ಮರಳುತ್ತದೆ. ನಡುವೆ ಬಿರುಕು ಮಲಗಿದ್ದರೆ ಉತ್ತರವು ಬೇಗನೆ ಬರುತ್ತದೆ. ಆದರೆ ಹಳಿಯನ್ನೇ ತುಂಡರಿಸಬಲ್ಲ ಬಿರುಕು ಅದರ ತಲೆಯೊಳಗೆ ಗೋಡೆಯಂತೆ, ಸುಮಾರು 20 ಡಿಗ್ರಿ ವಾಲಿ ನಿಂತಿರುವುದುಂಟು. ನೇರ ಇಳಿಯುವ ಧ್ವನಿಯು ಅದಕ್ಕೆ ತಾಗಿದರೂ ಬೇರೆಡೆಗೆ ಚದುರಿಹೋಗುತ್ತದೆ. ಬಲವನ್ನು ಹೆಚ್ಚಿಸಿ ಫಲವಿಲ್ಲ, ದಿಕ್ಕನ್ನೇ ಬದಲಿಸಬೇಕು. ಆದಕಾರಣ ಸ್ಫಟಿಕವನ್ನು ಪರ್ಸ್‌ಪೆಕ್ಸಿನ ಬೆಣೆಯ ಮೇಲೆ ಓರೆಯಾಗಿ ಕೂರಿಸಿ, ಧ್ವನಿಯು ಉಕ್ಕಿನಲ್ಲಿ 70 ಡಿಗ್ರಿ ಬಾಗಿ ಸಾಗುವಂತೆ ಮಾಡುತ್ತಾರೆ. ಆಗ ಅದು ಬಿರುಕಿಗೆ ಎದುರಾಗಿ ನಿಲ್ಲುತ್ತದೆ. ಬೋಲ್ಟಿನ ರಂಧ್ರದ ಸುತ್ತಣ ಬಿರುಕಿಗೆ ನಮ್ಮ ರೈಲ್ವೆಯವರು ಬಳಸುವುದು 37 ಡಿಗ್ರಿಯ ಬೇರೊಂದು ಪ್ರೋಬು.

ಹೀಗೆಯೇ, ದುಂಡನೆಯ ಕೊಳವೆಗೆ ಪ್ರೋಬಿನ ಮುಖವನ್ನೂ ಬಾಗಿಸಿ ಕೆತ್ತಬೇಕು. ಒರಟು ಕಣಗಳ ಎರಕದಲ್ಲಿ ಧ್ವನಿ ಚದುರುವುದರಿಂದ ಕಂಪನಸಂಖ್ಯೆಯನ್ನು ತಗ್ಗಿಸಬೇಕು. ತೆಳುವಾದ ತಗಡಿಗೆ ಕಳುಹಿಸಲೊಂದು, ಕೇಳಲೊಂದು ಎಂದು ಎರಡು ಸ್ಫಟಿಕಗಳನ್ನು ಇರಿಸಬೇಕು. ತಯಾರಾದ ಪ್ರೋಬನ್ನು ಮೊದಲು ತಾವೇ ರಂಧ್ರ ಕೊರೆದ ಮಾದರಿ ತುಂಡಿನ ಮೇಲೆ ಪರೀಕ್ಷಿಸಬೇಕು. ಇದ್ದ ದೋಷವನ್ನೇ ಕಾಣದ ಪ್ರೋಬು ಇಲ್ಲದ ದೋಷಕ್ಕೆ ಸಾಕ್ಷಿ ಹೇಳಬಲ್ಲುದೇ?

ಏಕೆಂದರೆ ಉತ್ತರ ಬಾರದುದೇ ಆರೋಗ್ಯದ ಲಕ್ಷಣವಲ್ಲ. 2000ನೆಯ ಇಸವಿ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನ ಬಳಿ ಬಿರುಕು ಬಿಟ್ಟಿದ್ದ ಹಳಿಯು ಚೂರಾಗಿ ನಾಲ್ವರು ಮೃತರಾದರು. ಅಂಥ ಹಳಿಗಳಲ್ಲಿ ಮೇಲ್ಮೈಯ ಸಣ್ಣ ಬಿರುಕುಗಳೇ ಆಳದ ಬಿರುಕನ್ನು ಧ್ವನಿಯಿಂದ ಮರೆಮಾಡಬಲ್ಲವು.

ಈ ಪಾಠವನ್ನು ನಾವು ತಡವಾಗಿ ಕಲಿತೆವು. ಒಮ್ಮೆ ಒಬ್ಬ ಬಾಲಕನನ್ನು ಪ್ರತಿಫಲನದ ನಿಯಮವೇನೆಂದು ಮೂರು ದಿನ ಕೇಳಿದೆವು. ಅವನು ಮೌನವಾಗಿದ್ದನು. ನಾವು ದನಿಯನ್ನು ಏರಿಸಿದೆವು, ಮೌನವೂ ಏರಿತು. ದಡ್ಡನೆಂದು ಬಗೆದೆವು. ನಾಲ್ಕನೆಯ ದಿನ ಅವನ ಕೈಗೆ ಕನ್ನಡಿಯ ಚೂರನ್ನಿತ್ತು, "ಮಗೂ, ಆ ಕತ್ತಲೆಯ ಮೂಲೆಗೆ ಬಿಸಿಲನ್ನು ಕಳುಹಿಸು" ಎಂದೆವು. ಕ್ಷಣದಲ್ಲಿ ಮೂಲೆ ಬೆಳಗಿತು. ಹೇಗೆ ಹಿಡಿದೆಯೆಂದು ಕೇಳಲು, ತನ್ನದೇ ಕನ್ನಡದಲ್ಲಿ ನಿಯಮವನ್ನೆಲ್ಲ ಹೇಳಿದನು. ಓರೆಯಾಗಿದ್ದುದು ನಮ್ಮ ಪ್ರಶ್ನೆ, ಬಾಲಕನಲ್ಲ.

ಗಡಿನಾಡಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಸಾಧ್ಯವೇ ಎಂದು ಸಂದೇಹಿಸುವ ಪೋಷಕರಿಗೆ ಇದೇ ನಮ್ಮ ಉತ್ತರ. ನಮ್ಮ ಪ್ರಯೋಗಶಾಲೆಗೆ ಕನ್ನಡಿ, ಮಸೂರ, ಶ್ರುತಿಕವೆಗಳನ್ನು ಒದಗಿಸಬೇಕೆಂದು ಸಂಘದ ಹಿರಿಯರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಂಡು, ನಮ್ಮ ಮಾತುಗಳನ್ನು ಮುಗಿಸುತ್ತೇವೆ.