ಕಾಲುವೆಯ ಕೊನೆಯ ಹೊಲಕ್ಕೂ ನೀರು

(ಮುಕ್ಕುಂದದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯವರು ಬಂದಿದ್ದೀರಿ. ಮುಕ್ಕುಂದದವರು ಹೊಳೆಯ ದಂಡೆಯವರು. ಸಿಂಧನೂರು ಕಡೆಯ ಅನೇಕರು ಕಾಲುವೆಯವರು. ಮಸ್ಕಿ, ಲಿಂಗಸುಗೂರು ಕಡೆಯ ಬಹಳ ಮಂದಿ ಮಳೆಯನ್ನೇ ನಂಬಿದ ಖುಷ್ಕಿ ಬೇಸಾಯದವರು. ನೀರಿನ ಮಾತು ಬಂದರೆ ಮೂವರ ಲೆಕ್ಕವೂ ಬೇರೆ ಬೇರೆ. ಇವುಗಳನ್ನು ಒಂದೇ ಪುಸ್ತಕದಲ್ಲಿ ಬರೆಯಲು ಸಾಧ್ಯವೇ ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಮೊದಲು ಸ್ವಲ್ಪ ಹಿಂದಿನ ಸಂಗತಿ ನೋಡೋಣ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಬರಗಾಲದಲ್ಲಿ ಬೆಳೆ ಒಣಗದಂತೆ ಕಾಪಾಡಿ, ಆದಷ್ಟು ಹೆಚ್ಚು ಹಳ್ಳಿಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಡಬೇಕೆಂಬುದು ಯೋಜನೆಯ ಉದ್ದೇಶವಾಗಿತ್ತು. ಆದ್ದರಿಂದಲೇ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಿದ್ದರು. ಹೆಚ್ಚಿನ ಭಾಗ ಜೋಳ, ಹತ್ತಿ, ಶೇಂಗಾ ಮುಂತಾದ ಅರೆ ನೀರಾವರಿ ಬೆಳೆಗಳಿಗೆ. ಭತ್ತಕ್ಕೆ ಇಟ್ಟದ್ದು ಸ್ವಲ್ಪವೇ.

ಆದರೆ ನಡೆದದ್ದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಇದಕ್ಕೆ ರೈತನೊಬ್ಬನನ್ನೇ ದೂರುವುದು ಸರಿಯಲ್ಲ. ಭತ್ತಕ್ಕೆ ಗಿರಣಿ ಇದೆ, ಸಾಲ ಸಿಗುತ್ತದೆ, ಮಾರುಕಟ್ಟೆ ಇದೆ, ಜೋಳಕ್ಕೆ ಅಷ್ಟಿಲ್ಲ. ಪಕ್ಕದ ಹೊಲದಲ್ಲಿ ನೀರು ನಿಂತರೆ ನಡುವಿನವನು ಜೋಳ ಬಿತ್ತಬೇಕೆಂದರೂ ಭೂಮಿ ಹದಕ್ಕೆ ಬರುವುದಿಲ್ಲ. ಅವನೂ ಗದ್ದೆ ಮಾಡಲೇಬೇಕಾಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಭತ್ತದ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರು ನೀರು ಬೇಕು. ಜೋಳಕ್ಕೆ ಸುಮಾರು 500 ಸಾಕು. ಎಂದರೆ, ಒಂದು ಎಕರೆ ಭತ್ತದ ನೀರಿನಲ್ಲಿ ಎರಡು ಎಕರೆಗಿಂತ ಹೆಚ್ಚು ಜೋಳ ಬೆಳೆಯಬಹುದು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ತೂಬಿನಲ್ಲಿ ಒಂದು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 12 ಎಕರೆಗೆ ಎರಡು ಅಂಗುಲ ನೀರು ಹಾಯುತ್ತದೆ. ಈ ಲೆಕ್ಕ ಪ್ರತಿಯೊಬ್ಬ ರೈತನಿಗೂ ಬಾಯಿಪಾಠವಾಗಿರಬೇಕು. ಲೆಕ್ಕ ತಿಳಿಯದವನ ಪಾಲು ಇನ್ನೊಬ್ಬನ ಹೊಲಕ್ಕೆ ಹೋಗುತ್ತದೆ.

ನೀರು ಬಾರದ ಕೊನೆಭಾಗದಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. ರಾತ್ರಿಯಿಡೀ ಕಾಲುವೆ ಕಾಯುವುದು, ಬೆಳೆ ಒಣಗಿದ ಮೇಲೆ ಮಕ್ಕಳುಮರಿ ಕಟ್ಟಿಕೊಂಡು ಗುಳೆ ಹೋಗುವುದು. ಕಾಲುವೆಯಿಂದ ತುಂಬುವ ಕುಡಿಯುವ ನೀರಿನ ಕೆರೆಯೂ ಬರಿದಾದರೆ ಕೊಡ ಹೊರುವವರು ಹೆಣ್ಣುಮಕ್ಕಳೇ. ಹಾಗೆಂದು ಮೇಲ್ಭಾಗದವರು ಸುಖವಾಗಿದ್ದಾರೆಯೇ? ಅದೂ ಇಲ್ಲ. ಎರೆಭೂಮಿಗೆ ಅಳತೆ ಮೀರಿ ನೀರು ನಿಲ್ಲಿಸಿದ್ದರಿಂದ ಎಷ್ಟೋ ಹೊಲ ಸವಳು, ಜವಳಾಗಿ ಹೋಗಿವೆ. ಒಬ್ಬನಿಗೆ ನೀರಿಲ್ಲದೆ ನಷ್ಟ, ಇನ್ನೊಬ್ಬನಿಗೆ ನೀರು ಹೆಚ್ಚಾಗಿ ನಷ್ಟ.

ನೀರೂ ಮೊದಲಿನಷ್ಟಿಲ್ಲ. ಅಣೆಕಟ್ಟು ಕಟ್ಟಿದಾಗ ಸಂಗ್ರಹ ಸಾಮರ್ಥ್ಯ 133 ಟಿಎಂಸಿ ಇತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ಕಂಗಾಲಾದದ್ದು ನೆನಪಿದೆಯಲ್ಲವೇ? ಒಂದೇ ಜಲಾಶಯದ ಮೇಲೆ ನಾವೆಲ್ಲ ಎಷ್ಟು ನಿಂತಿದ್ದೇವೆ ಎಂಬುದು ಆ ರಾತ್ರಿ ತಿಳಿಯಿತು.

ಹಾಗಾದರೆ ಮಾಡಬೇಕಾದ್ದೇನು?

ಒಂದನೆಯದು, ಸಂಘ. 1965ರ ನೀರಾವರಿ ಕಾಯಿದೆಗೆ 2000ದಲ್ಲಿ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ದೊರೆತಿದೆ. ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಸಂಘವಾಗದು. ಆಡಳಿತ ಮಂಡಳಿಯಲ್ಲಿ ಮೊದಲ ತೂಬಿನವನೂ ಇರಬೇಕು, ಕೊನೆಯ ತೂಬಿನವನೂ ಇರಬೇಕು. ಪಾಳಿಯ ಪಟ್ಟಿಯನ್ನು ಬರೆದು ಊರ ಚಾವಡಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಪಾಳಿ ಕೊನೆಯಿಂದ ಮೊದಲಾಗಲಿ.

ಎರಡನೆಯದು, ಬೆಳೆ. ಭತ್ತವನ್ನು ಒಮ್ಮೆಗೇ ಬಿಡಿ ಎಂದು ನಾನು ಹೇಳುವುದಿಲ್ಲ. ಕೂರಿಗೆ ಭತ್ತ ಬಿತ್ತಿದರೆ ಸಸಿಮಡಿ, ಕೆಸರು, ನಾಟಿ ಇಲ್ಲ. ನೀರು ಗಣನೀಯವಾಗಿ ಉಳಿಯುತ್ತದೆ. ಕಳೆಯ ಕಡೆ ಮಾತ್ರ ಗಮನ ಹೆಚ್ಚು ಬೇಕು. ನಾಟಿ ಕೂಲಿ ಕಳೆದುಕೊಳ್ಳುವ ಹೆಣ್ಣುಮಕ್ಕಳಿಗೆ ಬೇರೆ ಕೆಲಸ ಯಾವುದು ಎಂಬುದನ್ನೂ ಅದೇ ಸಭೆಯಲ್ಲಿ ಯೋಚಿಸಿರಿ. ಹಿಂಗಾರಿನಲ್ಲಿ ಒಂದು ತೂಬಿನ ಕೆಳಗಿನವರೆಲ್ಲ ಸೇರಿ ಜೋಳ, ಕಡಲೆ ಎಂದು ತೀರ್ಮಾನಿಸಿದರೆ ನಡುವೆ ನೀರು ನಿಲ್ಲುವ ತೊಂದರೆಯೂ ತಪ್ಪುತ್ತದೆ.

ಮೂರನೆಯದು, ಬಸಿಗಾಲುವೆ. ಸವಳು ಭೂಮಿಯನ್ನು ಒಬ್ಬನೇ ಸುಧಾರಿಸಲಾರ. ಅವನು ತೆಗೆದ ಬಸಿಗಾಲುವೆಯ ನೀರು ಪಕ್ಕದವನ ಹೊಲಕ್ಕೆ ನುಗ್ಗುತ್ತದೆ. ಹಳ್ಳದವರೆಗೂ ದಾರಿ ಬೇಕು, ಅದಕ್ಕೆ ಎಲ್ಲರ ಒಪ್ಪಿಗೆ ಬೇಕು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕರಲು ಭೂಮಿಯಾಗಿದ್ದರೆ ಶಿಫಾರಸಿನಂತೆ ಜಿಪ್ಸಂ ಹಾಕಿ, ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ದೊರೆಯುತ್ತದೆ. ಬಸಿನೀರು ಹಳ್ಳ ಹಿಡಿದು ಕೊನೆಗೆ ಹೊಳೆಗೆ ಬರುತ್ತದೆ. ಆದ್ದರಿಂದ ಈ ಮಾತಿನಲ್ಲಿ ಮುಕ್ಕುಂದದವರಿಗೂ ಪಾಲುಂಟು.

ನಾಲ್ಕನೆಯದು, ಖುಷ್ಕಿಯವರ ಪಾಲು. ಪಾಮನಕಲ್ಲೂರು ಭಾಗದ ಹಳ್ಳಿಗಳು 2020-21ರಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ತಿಂಗಳುಗಟ್ಟಲೆ ಧರಣಿ ಕುಳಿತವು. ಕಾಲುವೆ ಕಂಡವರು ಅದನ್ನು ದೂರದಿಂದ ನೋಡಿ ಸುಮ್ಮನಾಗಬಾರದು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಇದೆ. ಅದರಲ್ಲಿ ಲಿಂಗಸುಗೂರೂ ಇದೆ, ಕಾಲುವೆ ಹರಿಯುವ ಸಿಂಧನೂರೂ ಇದೆ. ನೀರು ಬಂದ ಮಾತ್ರಕ್ಕೆ ನಾಡು ಮುಂದುವರಿಯುವುದಿಲ್ಲ, ಅದು ಹಂಚಿಕೆಯಾಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಖುಷ್ಕಿ ಭೂಮಿಯಲ್ಲಿ ಬದು, ಕೃಷಿಹೊಂಡ, ಕೆರೆ ಹೂಳೆತ್ತುವ ಕೆಲಸಗಳು ಕಾಲುವೆ ದುರಸ್ತಿಯಷ್ಟೇ ಮುಖ್ಯವೆಂದು ಮೂರೂ ತಾಲ್ಲೂಕಿನವರು ಒಂದೇ ಧ್ವನಿಯಲ್ಲಿ ಕೇಳಬೇಕು.

ಇದಕ್ಕೆ ದಾರಿ ಇದೆ. ಗ್ರಾಮಸಭೆಯಲ್ಲಿ ಯೋಜನೆ ಬರೆಯಿಸಿ. ಅದು ತಾಲ್ಲೂಕು ಪಂಚಾಯಿತಿ ಮೂಲಕ ಜಿಲ್ಲಾ ಯೋಜನಾ ಸಮಿತಿಯವರೆಗೆ ಹೋಗಬೇಕು. ನೀರು ಬಳಕೆದಾರರ ಸಂಘ, ಸ್ತ್ರೀಶಕ್ತಿ ಗುಂಪು, ಭೂಮಿ ಇಲ್ಲದ ಕೂಲಿಕಾರರು, ಕುರಿಗಾರರು ಇವರೆಲ್ಲರೂ ಬಂದ ಸಭೆಯ ಠರಾವಿಗೆ ತೂಕವಿರುತ್ತದೆ. ನಾಲ್ವರು ದೊಡ್ಡ ರೈತರು ಕುಳಿತು ಬರೆದ ಕಾಗದಕ್ಕೆ ಆ ತೂಕ ಬರುವುದಿಲ್ಲ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎನ್ನುತ್ತೇವೆ. ನಮ್ಮಲ್ಲಿ ಹಳ್ಳವೂ ಇದೆ, ಬಳ್ಳವೂ ಇದೆ, ಕೂಡುವುದೊಂದು ಬಾಕಿ. ಈ ಹಂಗಾಮಿನಲ್ಲಿ ಒಂದು ಕೆಲಸ ಮಾಡಿ. ನಿಮ್ಮ ತೂಬಿನ ಮೊದಲ ಹೊಲದವನು ಕಾಲುವೆಗುಂಟ ನಡೆದು ಕೊನೆಯ ಹೊಲವನ್ನು ಒಮ್ಮೆ ಕಂಡು ಬರಲಿ. ಪಾಳಿಯ ಪಟ್ಟಿ ಬರೆಯಲು ಆಮೇಲೆ ಕುಳಿತುಕೊಳ್ಳಿ.